ನಮ್ಮ ಹೊಂಡದ ಮೀನ ಯಾರು ತಿಂದ್ರು?

ಭಾಗ 1

ಫೋಟೋ ನೋಡಿ ಮೂಗು ಮುರೀಬ್ಯಾಡ್ರಿ. ಬಿಳಿ ಟ್ರೇದಾಗ ಇರೋದು ಮೀನಿನ ಹೊಟ್ಟಿ, ಪಕ್ಕದಾಗ ಇರೋದು ನಮ್ಮ ಲ್ಯಾಬಿನ ಹಳೇ ಸ್ಕೇಲು. ಊಟ ಮಾಡ್ತಾ ಸ್ಕ್ರೋಲ್ ಮಾಡ್ತಿದ್ರೆ ಊಟ ಮುಗಿಸಿ ಬನ್ನಿ, ಕ್ಯಾಪ್ಶನ್ ಎಲ್ಲಿಗೂ ಓಡಿ ಹೋಗಲ್ಲ.

ಈ ಹೊಟ್ಟಿ ಒಳಗ ಏನಿತ್ತು ಅನ್ನೋದರ ಮೇಲೆ ಒಬ್ಬ ಮನುಷ್ಯನ ಮರ್ಯಾದೆ ನಿಂತಿತ್ತು. ನಮ್ಮ ಕ್ಲಾಸಿನವರಿಗೆ ಅರ್ಧ ಕತಿ ಗೊತ್ತೈತಿ. ಹೋದ ವರ್ಷ ನಾವಿಬ್ಬರು ಗೆಳತಿಯರು ಒಂದೇ ಬೆಂಚಿನಿಂದ ಎರಡು ಬೆಂಚಿಗೆ ಹೋಗಿದ್ವಲ್ಲ, ಆ ಕತಿ. ಉಳಿದ ಅರ್ಧ ಇಲ್ಲೈತಿ. ಅವಳನ್ನ ಕೇಳೇ ಬರೀತಿದೀನಿ. "ಹೆಸರು ಹಾಕಬ್ಯಾಡ, ಆದ್ರ ನಿಮ್ಮಪ್ಪ ಏನ್ ಅಂದಾ ಅನ್ನೋದನ್ನ ಮುಚ್ಚಿಡಬ್ಯಾಡ" ಅಂದ್ಲು. ಮುಚ್ಚಿಡಂಗಿಲ್ಲ.

ಭಾಗ 2

ನಮ್ಮ ಹೊಲ ಮೂಡಲಗಿಯಿಂದ ಸ್ವಲ್ಪ ಹೊರಗ. ಧೂಪದಾಳದಿಂದ ಹೊರಡೋ ಘಟಪ್ರಭಾ ಎಡದಂಡೆ ಕಾಲುವಿ ನೀರು ನಮಗ ಸಿಗತೈತಿ. ಕಬ್ಬು, ಒಂದಿಷ್ಟು ಗೋವಿನಜೋಳ, ಮೂಲ್ಯಾಗ 30 ಮೀಟರ್ ಉದ್ದ 30 ಮೀಟರ್ ಅಗಲದ ಒಂದು ಹೊಂಡ. ಎರಿ ಮಣ್ಣು, ನೀರು ಚಲೋ ನಿಲ್ತೈತಿ. 2019ರ ಆಗಸ್ಟ್‌ನಾಗ ಘಟಪ್ರಭಾ ಉಕ್ಕಿ ಬಂದಾಗ ಗೋಕಾಕದ ಪ್ಯಾಟಿ ಹೆಂಗ ಮುಳುಗಿತ್ತು ನೆನಪೈತಲ್ಲ? ಆಗ ನಮ್ಮ ಹೊಲದಾಗೂ ಹಳ್ಳದ ನೀರು ಹೊಕ್ಕು, ಹೊಂಡ ಯಾವುದು ಹೊಲ ಯಾವುದು ಗೊತ್ತಾಗದಂಗ ಆಗಿತ್ತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದ.

2022ರ ಜುಲೈದಾಗ ಅಪ್ಪ ಆ ಹೊಂಡಕ್ಕ ಮೀನಿನ ಮರಿ ಬಿಟ್ಟ. ನಮ್ಮ ಮನ್ಯಾಗ ಮೀನು ತಿನ್ನೋದಿಲ್ಲ, ಮುಟ್ಟೋದೂ ಇಲ್ಲ. ಅವ್ವ ಅಂತೂ ಆ ದಿನ ಹೊಲಕ್ಕ ಬರಲೇ ಇಲ್ಲ. ಅಪ್ಪನ ಲೆಕ್ಕ ಬ್ಯಾರೆ ಇತ್ತು: ಕಬ್ಬಿನ ಬಿಲ್ಲು ಯಾವಾಗ ಬರ್ತೈತೋ ದೇವರಿಗೇ ಗೊತ್ತು, ಮೀನಾದ್ರ ಎಂಟ್ಹತ್ತು ತಿಂಗಳಿಗೆ ರೊಕ್ಕ. 500 ಮರಿ. ಕಾಟ್ಲಾ 200, ರೋಹು 150, ಮೃಗಾಲ 150. ಒಂದೊಂದು ಮರಿ ನನ್ನ ಕಿರುಬೆರಳಿನಷ್ಟೂ ಇರಲಿಲ್ಲ.

ನೋಡ್ಕೊಳ್ಳಾಕ ಒಬ್ಬ ಕಾಕಾನ್ನ ಹಚ್ಚಿದ. ಅವರ ಮನಿತನ ಹೊಳ್ಯಾಗ ಬಲೆ ಹಾಕಿ ಬದುಕಿದ್ದು. ನಮ್ಮ ಕಡೆ ಬಲೆಗೆ ಬಲಿ ಅಂತೀವಿ, ಹಂಗಾಗಿ ನಾನು ಸಣ್ಣಾಕಿ ಇದ್ದಾಗಿಂದ ಅವರನ್ನ ಬಲಿ ಕಾಕಾ ಅಂತಾನೇ ಕರೀತೀನಿ. ನನ್ನ ಬೆಂಚಿನ ಗೆಳತಿ ಅವರ ಮಗಳು. ದಿನಾ ಸಂಜಿಗೆ ಬಂದು ಶೇಂಗಾ ಹಿಂಡಿ, ಅಕ್ಕಿ ತೌಡು ಕಲಸಿ ಹಾಕೋದು, ಆಗಾಗ ಸೆಗಣಿ ಕದಡಿ ಬಿಡೋದು, ರಾತ್ರಿ ಒಂದು ಸುತ್ತು ಬರೋದು, ಇಷ್ಟು ಅವರ ಕೆಲಸ.

2023ರ ಏಪ್ರಿಲ್‌ನಾಗ ಬಲೆ ಎಳದ್ವಿ. ಮೂರು ಸಲ ಎಳೆದ್ರೂ ಬಂದದ್ದು 41 ಮೀನು. 500ಕ್ಕ 41. ಬಂದ 41 ಮಾತ್ರ ದಪ್ಪ ದಪ್ಪ ಇದ್ದುವು.

ಅಪ್ಪ ದಂಡಿ ಮ್ಯಾಲೆ ಕುಂತ. ಸುತ್ತ ಎಂಟ್ಹತ್ತು ಮಂದಿ ನೋಡಾಕ ಬಂದಿದ್ರು. ಅವರ ಮುಂದೇ ಕೇಳಿದ: "ಉಳಿದದ್ದು ಎಲ್ಲಿ ಹ್ವಾದುವೋ?" ಕಾಕಾ ಬಲೆ ಕೊಡವುತ್ತಾ, "ಗೌಡ್ರ, ನಾ ಮಳಿಗಾಲದಾಗ ಹೇಳಿದ್ನಿ, ಹೊಂಡದಾಗ ಮರಳ ಮೀನು ಅದಾವ ಅಂತ" ಅಂದ್ರು. ಅದಕ್ಕ ಅಪ್ಪ ಹೇಳಿದ್ದು ಇದು: "ಮೀನ ಮೀನ ತಿಂತೈತೇನೋ? ರಾತ್ರಿ ಬಲಿ ಹಾಕೋ ಕೈ ತಿಂತೈತಿ."

ಕಾಕಾ ಬಲೆ ಸುತ್ತಿ ಹೆಗಲಿಗೆ ಹಾಕ್ಕೊಂಡು ಹೋದ್ರು. ಆ ತಿಂಗಳ ಕೂಲಿ ಕೇಳಾಕೂ ಬರಲಿಲ್ಲ. ಊರಾಗ ಮಾತು ಹೆಂಗ ಓಡತೈತಿ ನಿಮಗ ಹೇಳಬೇಕಾಗಿಲ್ಲ. ಬ್ಯಾರೆ ಇಬ್ಬರು ರೈತರು ತಮ್ಮ ಹೊಂಡಕ್ಕ ಅವರನ್ನ ಕರಿಯೋದು ಬಿಟ್ರು. ಮರುದಿನ ಕ್ಲಾಸಿಗೆ ಹೋದಾಗ ನನ್ನ ಪಕ್ಕದ ಜಾಗ ಖಾಲಿ ಇತ್ತು.

ನಾನು ಏನ್ ಮಾಡಿದೆ? ಏನೂ ಮಾಡಲಿಲ್ಲ. ಅವತ್ತು ದಂಡಿ ಮ್ಯಾಲೆ ನಿಂತು ಮೊಬೈಲ್‌ನಾಗ ಬಲೆ ಎಳಿಯೋ ರೀಲ್ ತೆಗೀತಿದ್ದೆ. ಜೀವಶಾಸ್ತ್ರ ಓದೋ ಹುಡುಗಿ, ಮೀನು ಮೀನು ತಿಂತೈತಿ ಅಂತ ಹೇಳೋ ಅಷ್ಟು ಬುದ್ಧಿ ನನಗಿತ್ತು. ಬಾಯಿ ಬರಲಿಲ್ಲ.

ಭಾಗ 3

ಈ ಭಾಗ ಉದ್ದ ಐತಿ. ಪರೀಕ್ಷೆಗೂ ಬರ್ತದ, ಓದ್ರಿ.

ನಮ್ಮಂಥ ಮನಿಯೊಳಗ ಮನುಷ್ಯರನ್ನ ಎರಡೇ ಜಾತಿ ಮಾಡ್ತೀವಿ: ವೆಜ್, ನಾನ್‌ವೆಜ್. ಮೀನು ಅಂದ್ರ ನಾನ್‌ವೆಜ್, ಮುಗೀತು. ಆ ಮೀನು ತಾನು ಏನು ತಿಂತೈತಿ ಅಂತ ಕೇಳೋದು ಯಾರು? ಅಪ್ಪನ ತಪ್ಪಿನ ಬೇರು ಇಲ್ಲೇ ಇತ್ತು. ಅವನ ಕಣ್ಣಿಗೆ ಹೊಂಡದಾಗ ಇದ್ದದ್ದು "ಮೀನ", ಅಷ್ಟ. ಹಿಂಡಿ ಹಾಕಿದ್ರ ತಿಂತಾವ, ದಪ್ಪ ಆಗ್ತಾವ.

ಹೊಂಡ ಒಂದು ಮೂರು ಅಂತಸ್ತಿನ ಮನಿ ಅಂತ ತಿಳ್ಕೊಳ್ಳಿ. ಮೇಲಿನ ಅಂತಸ್ತಿನಾಗ ಕಾಟ್ಲಾ. ಅದರ ಬಾಯಿ ದೊಡ್ಡದು, ಮೇಲಕ್ಕೆ ತೆರೆದಂಗ ಇರ್ತದ. ನೀರಿನ ಮೇಲ್ಪದರದಾಗ ತೇಲೋ ಸಣ್ಣ ಸಣ್ಣ ಜೀವಿಗಳು, ಅಂದ್ರ ಪ್ರಾಣಿ ಪ್ಲವಕ, ಅದರ ಮುಖ್ಯ ಆಹಾರ. ನಡುವಿನ ಅಂತಸ್ತಿನಾಗ ರೋಹು. ತುಟಿ ಜಾಲರಿ ಹೊಲದಂಗ ಇರ್ತದ. ಪಾಚಿ, ಕೊಳೆತ ಸೊಪ್ಪು ಅದಕ್ಕೆ ಇಷ್ಟ. ಕೆಳಗ ಮೃಗಾಲ. ಬಾಯಿ ಕೆಳಮುಖ, ತಳದ ಕೆಸರಿನಾಗ ಕೊಳೆತ ಕಣ ಹೆಕ್ಕಿ ತಿಂತದ. ಮೂರೂ ಒಂದೇ ಹೊಂಡದಾಗ ಇದ್ರೂ ಒಬ್ಬರ ತಾಟಿಗೆ ಒಬ್ಬರು ಕೈ ಹಾಕೋದು ಕಡಿಮಿ. ಅದಕ್ಕೇ ಮೂರನ್ನೂ ಕೂಡಿಸಿ ಬಿಡ್ತಾರ, 4:3:3 ಲೆಕ್ಕದಾಗ.

ಹಂಗಾದ್ರ ಸೆಗಣಿ ಯಾಕ? ಮೀನು ಸೆಗಣಿ ತಿಂತಾವ ಅಂತ ನಮ್ಮ ಅವ್ವ ಇವತ್ತಿಗೂ ನಂಬ್ಯಾಳ, ಅದಕ್ಕೇ ಮತ್ತಷ್ಟು ಹೇಸಿಗಿ. ಸೆಗಣಿ ನೀರಿಗೆ ಗೊಬ್ಬರ. ಅದರಿಂದ ಪಾಚಿ ಹುಟ್ಟತದ, ಪಾಚಿ ತಿಂದು ಡ್ಯಾಫ್ನಿಯಾದಂಥ ನೀರುಚಿಗಟ ಹೆಚ್ಚಾಗ್ತಾವ, ಅದನ್ನ ಕಾಟ್ಲಾ ತಿಂತದ. ಹೊಲಕ್ಕ ತಿಪ್ಪಿ ಗೊಬ್ಬರ ಹಾಕಿದಂಗೇ. ಗೊಬ್ಬರ ಹಾಕಿದ ಹೊಲದ ಜೋಳ ಉಣ್ಣೋದಿಲ್ಲೇನು ಅಂತ ಅವ್ವನ್ನ ಕೇಳಿದೆ. ಲಟ್ಟಣಿಗಿ ತೋರಿಸಿದ್ಲು.

ಪುಸ್ತಕದಾಗ ಮೀನುಗಳನ್ನ ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಅಂತ ಮೂರು ಮಾಡಿರ್ತಾರ. ಅದರ ಜೊತೆ ಪ್ಲವಕ ಸೋಸಿ ತಿನ್ನೋವು, ಕೊಳೆತದ್ದು ತಿನ್ನೋವು, ಪರಾವಲಂಬಿ ಅಂತ ಬ್ಯಾರೆ ಬ್ಯಾರೆ ಖಾನೆ. ಇನ್ನೊಂದು ಲೆಕ್ಕ ನನಗ ಇನ್ನೂ ಇಷ್ಟ: ಏನು ತಿಂತದ ಅನ್ನೋದಲ್ಲ, ಎಷ್ಟು ಥರ ತಿಂತದ ಅನ್ನೋದು. ಸಿಕ್ಕಿದ್ದೆಲ್ಲಾ ತಿನ್ನೋದು ಯೂರಿಫೇಗಸ್, ಕೆಲವೇ ಬಗೆ ತಿನ್ನೋದು ಸ್ಟೆನೋಫೇಗಸ್, ಒಂದೇ ಬಗೆಗೆ ಜೋತು ಬಿದ್ದದ್ದು ಮಾನೋಫೇಗಸ್. ನಮ್ಮ ಹಾಸ್ಟೆಲ್ ಹುಡುಗಿಯರಿಗೂ ಇದನ್ನ ಹಚ್ಚಬಹುದು. ಬರೀ ಮ್ಯಾಗಿ ಮೇಲೆ ಬದುಕೋ ಒಬ್ಬಾಕಿ ಇದನ್ನ ಓದ್ತಿರ್ತಾಳ, ನಮಸ್ಕಾರ.

ಮೀನು ಮಾತಾಡಲ್ಲ, ಆದ್ರ ಮೈಯಾಗ ಬರೆದಿರ್ತೈತಿ. ಎಲ್ಲಿ ನೋಡಬೇಕು ಹೇಳ್ತೀನಿ.

ಮೊದಲು ಹಲ್ಲು. ಕಾಟ್ಲಾ, ರೋಹು ಬಾಯಾಗ ಬೆರಳು ಹಾಕಿದ್ರ ದವಡಿ ಮ್ಯಾಲೆ ಒಂದೂ ಹಲ್ಲು ಸಿಗಂಗಿಲ್ಲ. ಗೆಂಡೆ ಕುಲದ ಮೀನುಗಳಿಗೆ ಹಲ್ಲು ಗಂಟಲದಾಗ ಇರ್ತಾವ, ನುಂಗೋ ಮುಂದ ಅಲ್ಲಿ ಅರೀತಾವ. ಇವಕ್ಕ ನಿಜವಾದ ಜಠರ ಅನ್ನೋದೂ ಇಲ್ಲ, ಗಂಟಲು ಮುಗಿದ ಕೂಡಲೇ ಕರುಳು. ಮರಳ ಮೀನಿನ ಬಾಯಾಗ ಬೆರಳು ಹಾಕಿ ನೋಡ್ರಿ. ಬ್ಯಾಡ, ಹಾಕಬ್ಯಾಡ್ರಿ. ದವಡಿ ತುಂಬ ಚೂಪನೆ ಹಲ್ಲು, ಒಳಗ ಚೀಲದಂಥ ಗಟ್ಟಿ ಜಠರ.

ಆಮ್ಯಾಲೆ ಕಿವಿರು. ಕಿವಿರಿನ ಒಳಗಡೆ ಬಾಚಣಿಗಿ ಹಲ್ಲಿನಂಥ ಸಾಲು ಇರ್ತದ, ಗಿಲ್ ರೇಕರ್ ಅಂತೀವಿ. ಕಾಟ್ಲಾಕ್ಕೆ ಅದು ಹೇನಿನ ಹಣಿಗಿಯಂಗ ಒತ್ತಾಗಿ ಉದ್ದ, ಸೋಸಾಕ. ಬೆಳ್ಳಿಗೆಂಡೆಗಂತೂ ಅವು ಒಂದಕ್ಕೊಂದು ಕೂಡಿ ಸ್ಪಂಜಿನಂಗ ಆಗಿರ್ತಾವ, ಇನ್ನೂ ಸಣ್ಣ ಪಾಚಿ ಹಿಡೀತದ. ಬೇಟೆ ಆಡೋ ಮೀನಿಗೆ ಅವು ಗಿಡ್ಡ, ವಿರಳ.

ಮೂರನೇದು ಕರುಳು. ನಾನು ಲ್ಯಾಬಿನಾಗ ಅಳೆದ ರೋಹು 34 ಸೆಂ.ಮೀ. ಇತ್ತು, ಅದರ ಕರುಳು ಬಿಡಿಸಿದ್ರ 3 ಮೀಟರ್ 60. ಟೇಬಲ್ ಸಾಲಲಿಲ್ಲ, ನೆಲದ ಮ್ಯಾಲೆ ಪೇಪರ್ ಹಾಸಿ ಅಳೆದ್ವಿ. ಮರಳ ಮೀನು 41 ಸೆಂ.ಮೀ., ಕರುಳು 26. ಸೊಪ್ಪು ಕೆಸರು ಅರಗಾಕ ಹೊತ್ತು ಬೇಕು, ಉದ್ದ ದಾರಿ ಬೇಕು. ಮಾಂಸ ಜಲ್ದಿ ಅರಗತದ, ದಾರಿ ಗಿಡ್ಡ ಇದ್ರೂ ಸಾಕು.

"ಹಂಗಾದ್ರ ಕರುಳು ಉದ್ದ ಇದ್ರ ಸಸ್ಯಾಹಾರಿ" ಅಂತ ನೋಟ್ಸ್‌ನಾಗ ಬರ್ಕೊಂಡ್ರಿ ಅಲ್ಲ? ಹುಲ್ಲುಗೆಂಡೆ ಬಂದು ಅದನ್ನ ಕೆಡಸ್ತದ. ಅಚ್ಚ ಹುಲ್ಲು ತಿನ್ನೋ ಮೀನು, ಆದ್ರ ಕರುಳು ಮೈಯ ಎರಡು-ಎರಡೂವರೆ ಪಟ್ಟು ಮಾತ್ರ. ಅದು ಬ್ಯಾರೆ ಉಪಾಯ ಮಾಡ್ತದ: ರಾಶಿ ರಾಶಿ ತಿನ್ನೋದು, ಅರ್ಧ ಅರಗದೇ ಹೊರಗ ಹಾಕೋದು. ಆ ಅರ್ಧ ಮತ್ತ ಹೊಂಡಕ್ಕ ಗೊಬ್ಬರ.

ವಯಸ್ಸೂ ಒಂದು ಗೊಂದಲ. ರೋಹು ಮರಿ ಇದ್ದಾಗ ಪ್ರಾಣಿ ಪ್ಲವಕ ತಿಂತದ, ದೊಡ್ಡದಾದ ಮ್ಯಾಲೆ ಸೊಪ್ಪಿಗೆ ತಿರುಗತದ. ಕಪ್ಪೆದು ಉಲ್ಟಾ. ಗೊದಮೊಟ್ಟೆ ಕಲ್ಲಿನ ಮ್ಯಾಲಿನ ಪಾಚಿ ಕೆರೆದು ತಿಂತದ, ಅದರ ಹೊಟ್ಟಿ ಬೆನ್ನಟ್ಟಿ ನೋಡಿದ್ರ ಗಡಿಯಾರದ ಸ್ಪ್ರಿಂಗ್‌ನಂಗ ಸುತ್ತಿದ ಕರುಳು ಕಾಣತದ. ಕಾಲು ಬಂದು ಬಾಲ ಹೋಗೋ ಹೊತ್ತಿಗೆ ಆ ಕರುಳೂ ಗಿಡ್ಡ ಆಗಿ, ಹುಳ ತಿನ್ನೋ ಕಪ್ಪೆ ಆಗ್ತದ. ಒಂದೇ ಜೀವ, ಎರಡು ಖಾನೆ.

ಇನ್ನು ಹೊಂಡದಾಗ ಇರೋ ಉಳಿದವರು: ಬಸವನಹುಳ ನಾಲಗಿಯಿಂದ ಪಾಚಿ ಉಜ್ಜಿ ತಿಂತದ, ಕಪ್ಪೆಚಿಪ್ಪು ನೀರು ಎಳೆದು ಸೋಸತದ, ಏಡಿ ಸತ್ತದ್ದು ಬದುಕಿದ್ದು ಎಲ್ಲಾ ತಿಂತದ. ಧೂಪದಾಳದಾಗ ಘಟಪ್ರಭಾ ಪಕ್ಷಿಧಾಮ ಐತಲ್ಲ, ಅಲ್ಲಿ ನೀರುಕಾಗಿ ಮುಳುಗಿ ಏಳೋದನ್ನ ನೋಡಿರ್ತೀರಿ. ಅದೂ ಈ ಲೆಕ್ಕದಾಗ ಮೀನಾಹಾರಿನೇ. ನಮ್ಮ ಹೊಂಡಕ್ಕೂ ಒಂದೆರಡು ಬರ್ತಿದ್ದುವು. ಅಪ್ಪ ಅವನ್ನ ಓಡಸ್ತಿದ್ದ. ಮ್ಯಾಲಿಂದ ಬರೋ ಕಳ್ಳ ಕಂಡ, ಒಳಗಿದ್ದ ಕಳ್ಳ ಕಾಣಲಿಲ್ಲ.

ಭಾಗ 4

ಸಮುದ್ರದ್ದು ಸ್ವಲ್ಪ, ಯಾಕಂದ್ರ ಟೂರಿನ ಫೋಟೋ ಹಾಕ್ರಿ ಅಂತ ಗಂಟು ಬಿದ್ದೀರಿ.

ಕಾರವಾರಕ್ಕ ಹೋದಾಗ ಕೋಡಿಬಾಗದಾಗ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ನೋಡಿದ್ವಿ. ಆಮ್ಯಾಲೆ ಮೀನು ಮಾರ್ಕೆಟ್. ಕಾರವಾರದಾಗ ತಾರ್ಲೆ, ಮಂಗಳೂರಾಗ ಬೂತಾಯಿ ಅನ್ನೋ ಆ ಸಣ್ಣ ಬೆಳ್ಳಿ ಮೀನು ಬುಟ್ಟಿ ತುಂಬ. ಇಷ್ಟು ಮೀನು ಎಲ್ಲಿಂದ ಬರ್ತದ ಅಂತ ಕೇಳಿದ್ರ ಉತ್ತರ ಅದರ ಹೊಟ್ಟ್ಯಾಗೇ ಐತಿ. ಮಳಿಗಾಲದಾಗ ಸಮುದ್ರದ ತಳದ ಗೊಬ್ಬರ ನೀರು ಮ್ಯಾಲೆ ಬರ್ತದ, ಡಯಾಟಮ್ ಅನ್ನೋ ಒಂಟಿಕೋಶದ ಪಾಚಿ ಹಬ್ಬತದ, ತಾರ್ಲೆ ಅದನ್ನ ಸೋಸಿ ತಿಂತದ. ಹಾರ್ನೆಲ್ ಮತ್ತು ನಾಯುಡು ಅನ್ನೋರು 1923ರಷ್ಟು ಹಿಂದೇ ಮಲಬಾರ್ ತೀರದ ಈ ಮೀನು ಮತ್ತು ಅಲ್ಲಿನ ಪ್ಲವಕದ ಬಗ್ಗೆ ಬರೆದಿದ್ದಾರೆ. ಆಹಾರದ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಏರಿದಂಗ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ಮ್ಯಾಲೆ ದಾಟತದ. ಹಂಗಾಗಿ ಪಾಚಿಗೆ ಹತ್ತಿರ ಇರೋ ಮೀನು ಬುಟ್ಟಿ ಬುಟ್ಟಿ, ಅಗ್ಗ. ಸುರಮಾಯಿ ಅಂಥ ಬೇಟೆಗಾರ ಮೀನು ಕಡಿಮಿ, ತುಟ್ಟಿ.

ಇನ್ನೊಂದು: ದೊಡ್ಡದು ಅಂದ ಕೂಡಲೇ ಕ್ರೂರ ಅಂತ ತಿಳೀಬ್ಯಾಡ್ರಿ. ಲೋಕದ ಅತಿ ದೊಡ್ಡ ಮೀನು ತಿಮಿಂಗಿಲ ಶಾರ್ಕ್, ಬಾಯಿ ತೆರಕೊಂಡು ಹೋಗಿ ಮುಖ್ಯವಾಗಿ ಪ್ಲವಕ ಸೋಸತದ. ನಮ್ಮ ಕಾಟ್ಲಾದ ಕಸುಬೇ.

ಭಾಗ 5

ಮೇ ತಿಂಗಳು. ಕಾಲುವಿಗೆ ನೀರು ಬಂದ್ ಆಗಿತ್ತು, ಕಬ್ಬು ಬಾಡ್ತಿತ್ತು. ಅಪ್ಪ ಹೊಂಡದಾಗ ಉಳಿದ ನೀರನ್ನ ಪಂಪ್ ಹಚ್ಚಿ ಕಬ್ಬಿಗೆ ಬಿಟ್ಟ. ಎರಡನೇ ದಿನ ಸಂಜಿಗೆ ತಳದಾಗ ಮೊಣಕಾಲ ಕೆಸರು ಮಾತ್ರ ಉಳೀತು. ಕೆಸರು ಅಲುಗಾಡ್ತಿತ್ತು.

ಆರು ಮರಳ ಮೀನು. ಪುಸ್ತಕದಾಗ ಇದಕ್ಕ ಮುರಲ್ ಅಂತಾರ, ದಕ್ಷಿಣದ ಕಡೆ ಕೊರವ, ಮರಾಠಿ ಮಾತಾಡೋರು ಮರಳ. ತಲೆ ಹಾವಿನ ತಲೆಯಂಗ. ಇದು ಗಾಳಿಯನ್ನೇ ಉಸಿರಾಡಬಲ್ಲದು, ಹಸಿ ಕೆಸರಿನಾಗ ಜೀವ ಹಿಡಕೊಂಡು ಇರಬಲ್ಲದು, ಹಸಿ ನೆಲದ ಮ್ಯಾಲೆ ಒಂದಿಷ್ಟು ದೂರ ತೆವಳಬಲ್ಲದು. ಬಲೆ ಎಳೆದ್ರ ಕೆಸರಿಗೆ ಹೂತು ಕುಂದರತದ, ಬಲೆ ಮ್ಯಾಲೆ ಹೋಗತದ. ಏಪ್ರಿಲ್‌ನಾಗ ಮೂರು ಸಲ ಬಲೆ ಎಳೆದ್ರೂ ಒಂದೂ ಸಿಗದೇ ಇದ್ದದ್ದು ಅದಕ್ಕೇ.

ಅಪ್ಪ ಅವನ್ನ ನೋಡಿ ಏನೂ ಅನ್ನಲಿಲ್ಲ. ಪಂಪ್ ಬಂದ್ ಮಾಡಾಕ ಹೋದ. ಇಬ್ಬರು ಹುಡುಗರು ಎರಡು ಮೀನು ಒಯ್ದ್ರು. ಉಳಿದ ನಾಲ್ಕನ್ನ ನಾನು ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗ್ಯಾಗ ಹಾಕಿ, ಮರುದಿನ ಮುಂಜಾನೆ ಬಸ್ಸಿನಾಗ ತೊಡಿ ಮ್ಯಾಲಿಟ್ಕೊಂಡು ಲ್ಯಾಬಿಗೆ ಒಯ್ದೆ. ಕಂಡಕ್ಟರ್ "ಏನವ್ವಾ, ಕೇಕೇನು?" ಅಂದ. ಹೂಂ ಅಂದೆ.

ಸ್ವಲ್ಪ ತಡ ಆದ್ರೂ ಕೆಡತದ, ಯಾಕಂದ್ರ ಮೀನು ಸತ್ತ ಮ್ಯಾಲೂ ಜಠರದ ರಸ ಕೆಲಸ ಮಾಡ್ತಾನೇ ಇರ್ತದ. ಮೇಡಮ್ ಕೂಡಲೇ ಕೊಯ್ಯಾಕ ಹೇಳಿದ್ರು. ನನ್ನ ಜೀವನದಾಗ ಮನಸಿಟ್ಟು ಮೀನು ಮುಟ್ಟಿದ್ದು ಅದೇ ಮೊದಲು. ಪ್ರಾಕ್ಟಿಕಲ್‌ನಾಗ ಯಾವಾಗ್ಲೂ ಆ ಕೆಲಸ ನನ್ನ ಗೆಳತಿ ಮಾಡ್ತಿದ್ಲು, ನಾನು ಚಿತ್ರ ಬರೀತಿದ್ದೆ. ಅವತ್ತು ಅವಳು ಮೂರು ಟೇಬಲ್ ಆಚೆ ನಿಂತಿದ್ಲು. ನೋಡ್ತಿದ್ಲು. ಬರಲಿಲ್ಲ.

ನಾಲ್ಕರಾಗ ಒಂದು ಹೊಟ್ಟಿ ಖಾಲಿ. ಉಳಿದ ಮೂರರಾಗ ಸಣ್ಣ ಮೀನು, ಒಂದರಾಗ ಕಪ್ಪೆ ಕಾಲು, ಎರಡರಾಗ ಏರೋಪ್ಲೇನ್ ಚಿಟ್ಟೆಯ ನೀರುಮರಿ ಮತ್ತು ಬ್ಯಾರೆ ಹುಳ, ಒಂದರಾಗ ಏಡಿಯ ಒಂದು ಕೊಂಡಿ. ಸೊಪ್ಪು, ಹಿಂಡಿ ಒಂದು ಚೂರೂ ಇಲ್ಲ.

ಇದನ್ನ ಲೆಕ್ಕ ಹಾಕೋ ರೀತಿ ಕೇಳ್ರಿ, ಚಂದ ಐತಿ. ಬರೀ ಎಣಿಸಿದ್ರ ಮೋಸ ಆಗ್ತದ. ಹತ್ತು ಹುಳ ಒಂದು ಕಪ್ಪೆಗೆ ಸಮ ಆಗಲ್ಲ. ಬರೀ ಗಾತ್ರ ನೋಡಿದ್ರೂ ಮೋಸ, ಒಂದೇ ಮೀನು ಅಪರೂಪಕ್ಕ ನುಂಗಿದ ಒಂದು ದೊಡ್ಡ ಕಪ್ಪೆ ಎಲ್ಲಾ ಲೆಕ್ಕ ತಿರುವಿ ಹಾಕತದ. ಅದಕ್ಕ ನಟರಾಜನ್ ಮತ್ತು ಝಿಂಗ್ರಾನ್ ಅನ್ನೋ ನಮ್ಮ ದೇಶದವರೇ ಇಬ್ಬರು 1961ರಲ್ಲಿ ಒಂದು ಸೂಚ್ಯಂಕ ಕೊಟ್ರು: ಪ್ರತಿ ಆಹಾರದ ಗಾತ್ರವನ್ನ ಅದು ಎಷ್ಟು ಹೊಟ್ಟಿಯೊಳಗ ಸಿಕ್ತು ಅನ್ನೋದರಿಂದ ಗುಣಿಸು, ಎಲ್ಲದರ ಮೊತ್ತದಾಗ ಪ್ರತಿಯೊಂದರ ಪಾಲು ಎಷ್ಟು ಶೇಕಡ ನೋಡು. ನನ್ನ ಲೆಕ್ಕದಾಗ ಗಾತ್ರ ಮೀನು 60, ಕಪ್ಪೆ 25, ಹುಳ 10, ಏಡಿ 5. ಗುಣಿಸಿದ್ರ 180, 25, 20, 5. ಅಂದ್ರ ಮೀನಿನ ಪಾಲು ಶೇ. 78. ನಾಲ್ಕೇ ಮೀನಿನ ಮ್ಯಾಲೆ ಇಂಥ ಲೆಕ್ಕ ಹಾಕಿದ್ದಕ್ಕ ಮೇಡಮ್ ಬೈದ್ರು, ಅದು ನ್ಯಾಯನೇ. ಆದ್ರೂ ನನ್ನ ನೋಟ್‌ಬುಕ್ಕಿನಾಗ ಆ 78ರ ಸುತ್ತ ಇನ್ನೂ ಕೆಂಪು ಗೆರಿ ಐತಿ.

ಭಾಗ 6

ಇಲ್ಲಿಗೆ ಕತಿ ಮುಗೀತು ಅಂತ ನಾನೂ ಅಂದ್ಕೊಂಡಿದ್ದೆ. ಬಸ್ಸಿನಾಗ ವಾಪಸ್ ಬರೋ ಮುಂದ ಹೊಳೀತು: ಹೊಟ್ಟಿ ಅನ್ನೋದು ಒಂದೆರಡು ದಿನದ ಡೈರಿ. ಮೇ ತಿಂಗಳ ಹೊಟ್ಟಿ ಹೋದ ಆಗಸ್ಟ್‌ನಾಗ ಏನು ತಿಂದಿತ್ತು ಅಂತ ಹೇಳಂಗಿಲ್ಲ. ಸಿಕ್ಕ ಸಣ್ಣ ಮೀನು ಕೂಡ ನಾವು ಬಿಟ್ಟ ಜಾತಿ ಅಲ್ಲ, ಕಾಲುವಿ ನೀರಿನ ಜೋಡಿ ಬಂದ ಪುಡಿ ಮೀನು. ಅಪ್ಪ ಇದನ್ನೇ ಕೇಳಿದ್ರ ನನ್ನ ಹತ್ರ ಉತ್ತರ ಇಲ್ಲ.

ಆ ರಾತ್ರಿ ನೋಟ್‌ಬುಕ್ ಹಿಂದಿನ ಹಾಳಿಯಾಗ ಬ್ಯಾರೆ ಲೆಕ್ಕ ಹಾಕಿದೆ. ಬಿಟ್ಟದ್ದು 500, ಸಿಕ್ಕದ್ದು 41, ಕಾಣೆ ಆದದ್ದು 459. ಬೇಟೆಗಾರರು ಆರು. ತಲಾ 76 ಮರಿ. ಮೊದಲ ಎರಡು ತಿಂಗಳು ಮರಿಗಳು ಒಂದು ತುತ್ತಿನ ಗಾತ್ರ ಇದ್ದುವು. 60 ದಿನಕ್ಕ 76 ಅಂದ್ರ ದಿನಕ್ಕ ಒಂದಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟ ಸಾಕು ಹೊಂಡ ಖಾಲಿ ಆಗಾಕ. ಕಳ್ಳತನ ರಾತ್ರೋರಾತ್ರಿ ಆಗಿದ್ದಲ್ಲ, ದಿನಾ ಒಂದೊಂದು ತುತ್ತು.

ಆಮ್ಯಾಲೆ ಉಳಿದ 41. ಎಲ್ಲಾ ದಪ್ಪ. ಮನುಷ್ಯ ಕದ್ದಿದ್ರ ಏನು ಕದೀತಾನ? ದಪ್ಪದ್ದನ್ನ ಒಯ್ದು ಸಣ್ಣದ್ದನ್ನ ಬಿಡ್ತಾನ. ಇಲ್ಲಿ ಸಣ್ಣದ್ದೇ ಇರಲಿಲ್ಲ. ಜಲ್ದಿ ಬೆಳೆದು ಮರಳಿನ ಬಾಯಿಗೆ ಹಿಡಿಸದಂಗ ಆದವು ಮಾತ್ರ ಉಳಿದಿದ್ದುವು.

ಕೊನೇದು ಹೊಳೆದದ್ದು ಮಲಗಿದ ಮ್ಯಾಲೆ. ಆಗಸ್ಟ್‌ನಾಗ ಒಂದಿನ ಕಾಕಾ ಅಪ್ಪನ್ನ ದಂಡಿಗೆ ಕರೆದು ನೀರಿನ ಮ್ಯಾಲೆ ಒಂದು ಕೆಂಪು ಮರಿಗಳ ಹಿಂಡು ತೋರಿಸಿದ್ರು. ನಾನೂ ಇದ್ದೆ. ಕೇಸರಿ ಕೆಂಪು, ಗೋಲಿಯಂಗ ಉರುಳ್ತಾ ಹೊಂಟಿದ್ದುವು. ಅಪ್ಪ ಹಿಗ್ಗಿಬಿಟ್ಟ: "ನೋಡವ್ವಾ, ನಮ್ಮ ಮೀನು ಮರಿ ಹಾಕ್ಯಾವ!" ಕಾಕಾ ಏನೋ ಹೇಳಾಕ ಹೋದ್ರು, ಅಪ್ಪ ಕೇಳಲಿಲ್ಲ.

ಕಾಟ್ಲಾ, ರೋಹು, ಮೃಗಾಲ ನಿಂತ ನೀರಿನಾಗ ಮರಿ ಹಾಕಂಗಿಲ್ಲ. ಅವಕ್ಕ ಮಳಿಗಾಲದ ಹರಿಯೋ ಹೊಳಿ ಬೇಕು. ಹೊಂಡದ ಮೀನು ಮರಿ ಹಾಕೋದಿಲ್ಲ ಅಂತಾನೇ ಹೀರಾಲಾಲ್ ಚೌಧರಿ 1957ರ ಜುಲೈ 10ರಂದು ಹಾರ್ಮೋನ್ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದ್ದು, ಅದಕ್ಕೇ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಈ ಪ್ರಶ್ನೆ ನಮಗ ಎರಡು ಮಾರ್ಕಿಗೆ ಬಂದಿತ್ತು. ಬರೆದಿದ್ದೆ. ಎರಡೂ ಮಾರ್ಕು ಬಿದ್ದಿದ್ದುವು.

ನಿಂತ ನೀರಿನಾಗ ಮರಿ ಹಾಕೋದು, ಕೆಂಪು ಮರಿಗಳ ಹಿಂಡನ್ನ ತಂದೆ ತಾಯಿ ಕಾಯೋದು ಮರಳ ಮೀನಿನ ರೂಢಿ. ಅಪ್ಪ ಅವತ್ತು ಕಳ್ಳನ ಮಕ್ಕಳನ್ನ ನೋಡಿ ಹಿಗ್ಗಿದ್ದ. ಕಾಕಾ ಅದನ್ನೇ ಹೇಳಾಕ ಕರೆದಿದ್ರು.

ಭಾಗ 7

ಅಪ್ಪಗ ಹೇಳೋದು ಲ್ಯಾಬಿಗಿಂತ ಕಷ್ಟ. ಮೂರು ದಿನ ತಗೊಂಡೆ. ಕಡೀಗೆ ಅವನು ಕಬ್ಬಿನ ತೂಕದ ಚೀಟಿ ಕೂಡಿಸ್ತಿದ್ದಾಗ ಪಕ್ಕಕ್ಕ ಕುಂತು, ಅದೇ ಚೀಟಿ ಹಿಂದ 500, 41, 6 ಅಂತ ಬರೆದೆ. ತೂಕ, ಕಡತ, ಬಾಕಿ ಇದರಾಗೇ ಜೀವ ಸವೆಸಿದ ಮನುಷ್ಯ. ಲೆಕ್ಕ ಅವನಿಗೆ ಗೊತ್ತಾಗತೈತಿ. ಕೆಂಪು ಮರಿ ವಿಷಯಕ್ಕ ಬಂದಾಗ ಪೆನ್ನು ಕೆಳಗಿಟ್ಟ.

"ಅವಾ ಹೇಳಾಕ ಬಂದಿದ್ದ" ಅಂದ.

"ಹೂಂ."

"ನೀ ಆಗ ಯಾಕ ಹೇಳಲಿಲ್ಲ?"

ಇದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಚಲೋ ಉತ್ತರ ಇಲ್ಲ. ಅವತ್ತು ದಂಡಿ ಮ್ಯಾಲೆ ಹತ್ತು ಮಂದಿ ಮುಂದ ಅಪ್ಪನ ಮಾತು ತಪ್ಪು ಅನ್ನೋ ಧೈರ್ಯ ಆಗಲಿಲ್ಲ. ಮತ್ತ ಇನ್ನೊಂದು ಐತಿ, ಬರೀಬೇಕು: ಅವರು ಹಿಡಿಯೋರು, ಒಯ್ದಿರಬಹುದು ಅಂತ ನನ್ನ ತಲ್ಯಾಗೂ ಒಂದು ಮಾತು ಬಂದು ಹೋಗಿತ್ತು. ಬಲಿ ಹಾಕೋ ಕೈ ಅಂತ ಅಪ್ಪ ಅಂದಾಗ ಅದು ಒಂದು ಕೈಗೆ ಅಂದ ಮಾತಲ್ಲ, ಅವರ ಓಣಿಗೇ ಅಂದ ಮಾತು. ನನಗ ಅದು ಕೇಳಿಸಿತ್ತು.

ಮರುದಿನ ಸಂಜಿ ಅಪ್ಪ ಸ್ನಾನ ಮಾಡಿ ಬಿಳಿ ಅಂಗಿ ಹಾಕ್ಕೊಂಡ. ಬರ್ತೀಯೇನು ಅಂದ. ಹೋದ್ವಿ. ಆ ಓಣಿಗೆ ಅಪ್ಪ ಓಟಿನ ಟೈಮ್ ಬಿಟ್ಟು ಹೋದದ್ದು ನಾ ನೋಡಿಲ್ಲ. ಕಾಕಾ ಕಟ್ಟಿ ಮ್ಯಾಲೆ ಕುಂತು ಬಲೆ ಹೆಣೀತಿದ್ರು, ಏಳಲಿಲ್ಲ. ಗೆಳತಿ ಬಾಗಿಲದಾಗ ನಿಂತ್ಲು. ಅಪ್ಪ ನಿಂತೇ ಹೇಳಿದ, ಓಣಿ ಮಂದಿ ಕೇಳೋ ಅಷ್ಟು ದನಿಯಾಗ: "ನಾ ತಪ್ಪ ಮಾತಾಡಿದ್ನಿ. ಮೀನ ತಿಂದದ್ದು ಮರಳ. ನೀ ಹೇಳಿದ್ದು ಖರೇ ಇತ್ತು." ಆಮ್ಯಾಲೆ ಬಾಕಿ ಕೂಲಿ ಕಟ್ಟಿ ಮ್ಯಾಲಿಟ್ಟ.

ಕಾಕಾ ಸೂಜಿ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮ್ಯಾಲೆ, "ಹತ್ತು ಮಂದಿ ಮುಂದ ಅಂದಿದ್ರಿ ಗೌಡ್ರ, ಇಲ್ಲಿ ನಾಕು ಮಂದಿ ಅದಾರ" ಅಂದ್ರು.

ಅಪ್ಪನ ಮುಖ ಕೆಂಪಾತು. ನಾನು ಹೆದರಿದೆ. ಆದ್ರ ಅಪ್ಪ ಸಿಟ್ಟಾಗಲಿಲ್ಲ. ಶನಿವಾರ ಮುಂಜಾನೆ ಚಹಾದಂಗಡಿ ಮುಂದ, ಕಾಕಾನ್ನ ಬಿಟ್ಟಿದ್ದ ಆ ಇಬ್ಬರು ರೈತರೂ ಇದ್ದಾಗ, ಅದೇ ಮಾತು ಮತ್ತೊಮ್ಮೆ ಹೇಳಿದ. ಇದನ್ನ ನಾನು ನೋಡಿಲ್ಲ. ಗೆಳತಿ ಹೇಳಿದ್ದು.

ಅವಳು ಅದನ್ನ ಹೇಳಿದ್ದು ನನ್ನ ಬೆಂಚಿಗೆ ಬಂದು ಕುಂತು ಅಲ್ಲ. ಲ್ಯಾಬಿನಾಗ, ನಾನು ಅಳತಿ ಬರೀತಿದ್ದಾಗ ಹಿಂದ ನಿಂತು, "ಕರುಳು ಹಿಂಗ ಜಗ್ಗಿ ಅಳೀಬಾರದು, ಉದ್ದ ಆಗತೈತಿ, ನೀರಾಗ ತೇಲಿಸಿ ಅಳೀಬೇಕು" ಅಂತ ಬೈದು, ಆಮ್ಯಾಲೆ ಹೇಳಿದ್ಲು. ಹಂಗಾಗಿ ಮ್ಯಾಲೆ ಕೊಟ್ಟ 3 ಮೀಟರ್ 60 ಅವಳು ಮತ್ತ ಅಳೆದ ಲೆಕ್ಕ. ನನ್ನದು ಹೆಚ್ಚು ಬಂದಿತ್ತು.

ಭಾಗ 8

ಕೊನೇ ಫೋಟೋ ಹೊಸ ಹೊಂಡದ್ದು. ಹೊಂಡ ಹಳೇದೇ, ತಯಾರಿ ಹೊಸದು. ಈ ಸಲ ಕಾಕಾ ಮೂರು ಷರತ್ತು ಹಾಕಿದ್ರು, ಅಪ್ಪ ಮೂರೂ ಒಪ್ಪಿದ. ಬ್ಯಾಸಿಗ್ಯಾಗ ಹೊಂಡ ಪೂರ್ತಿ ಒಣಗಿಸಿ ತಳ ಬಿರಿಯೋತನಕ ಬಿಡೋದು. ಕಾಲುವಿ ನೀರು ಒಳಗ ಬರೋ ಪೈಪಿಗೆ ಸಣ್ಣ ಕಣ್ಣಿನ ಜಾಳಿಗಿ ಕಟ್ಟೋದು. ಬೆರಳುದ್ದಕ್ಕಿಂತ ಸಣ್ಣ ಮರಿ ತರಬಾರದು. ಮನಿಮಂದಿ ಒಪ್ಪಲಿ ಬಿಡಲಿ ತಿಂಗಳಿಗೊಮ್ಮೆ ಬಲೆ ಎಳೆದು ನೋಡೋದು ಅನ್ನೋದು ನಾಲ್ಕನೇದು, ಅದನ್ನ ಆಮ್ಯಾಲೆ ಸೇರಿಸಿದ್ರು.

ಹೋದ ವಾರ ಮೊದಲ ಬಲೆ ಎಳದ್ವಿ. ಮರಳ ಒಂದೂ ಇಲ್ಲ. ಒಂದು ಆಮೆ ಬಂತು, ಅದನ್ನ ಕಾಲುವಿಗೆ ಬಿಟ್ವಿ. ಫೋಟೋದಾಗ ಬಲೆಯ ಒಂದು ತುದಿ ಹಿಡಿದದ್ದು ಅಪ್ಪ, ಇನ್ನೊಂದು ತುದಿ ಕಾಕಾ. ನಡುವ ಮೊಣಕಾಲ ನೀರಿನಾಗ ನಿಂತು ಕಿರಿಚ್ತಿರೋರು ನಾವಿಬ್ಬರು. ಫೋಟೋ ತೆಗೆದದ್ದು ಅವ್ವ, ದಂಡಿ ಮ್ಯಾಲಿಂದ, ಮೂಗಿಗೆ ಸೆರಗು ಹಿಡಕೊಂಡು. ಅದಕ್ಕೇ ಸ್ವಲ್ಪ ಓರೆ ಬಂದೈತಿ.

ಆಮೆ ಏನು ತಿಂತದ ಅಂತ ಕಾಮೆಂಟಿನಾಗ ಹೇಳ್ರಿ. ಗೂಗಲ್ ಮಾಡಬ್ಯಾಡ್ರಿ.